ಸಾಲಿನ ಮೊದಲ ಗಾಡಿ

ಜೂನ್ 9, ಸೋಮವಾರ

ಡಾಕ್ಟರು ಈ ನೋಟ್‌ಬುಕ್ ಕೊಟ್ಟು ಕಳಿಸಿದ್ದಾರೆ. ದಿನಾ ಬರೆಯಬೇಕಂತೆ. ನಿದ್ದೆ ಹೇಗೆ ಬಂತು, ಮಾತ್ರೆ ನುಂಗಿದೆನೋ ಇಲ್ಲವೋ, ಇಲ್ಲದ ವಾಸನೆ ಏನಾದರೂ ಮೂಗಿಗೆ ಬಡಿಯಿತೋ. ಕೆಲವರಿಗೆ ಫಿಟ್ಸ್ ಬರುವ ಮುಂಚೆ ಏನೋ ಸುಟ್ಟ ವಾಸನೆ ಬರುತ್ತದಂತೆ. "ಈಸ್ಟರ್ ದಿನ ಊಟದ ಮೇಜಿನ ಹತ್ತಿರ ಬಿದ್ದಿರಲ್ಲ ಮಿಸ್ಟರ್ ಹ್ಯಾಸ್ಕೆಟ್, ಅದಕ್ಕೆ ಮುಂಚೆ ಏನಾದ್ರೂ ವಾಸನೆ ಬಂದಿತ್ತಾ?" ಎಂದು ಕೇಳಿದರು. "ಬಂದಿತ್ತು, ಹಂದಿಮಾಂಸದ್ದು. ಮೇಜಿನ ಮೇಲೇ ಇತ್ತಲ್ಲ" ಎಂದೆ. ಆ ಮನುಷ್ಯನಿಗೆ ನಗುವೇ ಬರಲಿಲ್ಲ.

ಏಪ್ರಿಲ್‌ನ ಆ ಈಸ್ಟರ್‌ನಿಂದ ಆರು ತಿಂಗಳು ಸ್ಟಿಯರಿಂಗ್ ಮುಟ್ಟಬಾರದು. ನಡುವೆ ಇನ್ನೊಂದು ಸಲ ಬಂದರೆ ಮತ್ತೆ ಮೊದಲಿಂದ ಆರು ತಿಂಗಳು. ನಲವತ್ತು ವರ್ಷ ದನದ ಮೇವಿನ ಲಾರಿ ಓಡಿಸಿದ ನನಗೆ ಇದನ್ನು ಹೇಳಿದವನು ಇನ್ನೂ ಸರಿಯಾಗಿ ಮೀಸೆ ಬಾರದ ಹುಡುಗ.

ಈ ಪುಸ್ತಕಕ್ಕೆ ಬೇರೆ ಕೆಲಸ ಹಚ್ಚುತ್ತೇನೆ. ಅಕ್ಟೋಬರ್ ಮೊದಲ ವಾರ ಆಲ್ಬುಕರ್ಕಿಯಲ್ಲಿ ಜನ ಹತ್ತಿ ಹಾರುವ ಬಿಸಿಗಾಳಿ ಬಲೂನುಗಳ ಹಬ್ಬ. ಅದಕ್ಕೆ ನನ್ನ ಮನೆಗಾಡಿ ತಯಾರಾಗಬೇಕು. ಹಾಸಿಗೆ, ಒಲೆ, ಪಾಯಿಖಾನೆ ಎಲ್ಲ ಒಳಗೇ ಇರುವ ಮೂವತ್ತು ಅಡಿ ಗಾಡಿ, ಕಳೆದ ಚಳಿಗಾಲದಿಂದ ಹಿತ್ತಲಲ್ಲಿ ಧೂಳು ತಿನ್ನುತ್ತಿದೆ. ಡಾಕ್ಟರ ಆರು ತಿಂಗಳು ಮುಗಿಯುವುದು ಹಬ್ಬ ಮುಗಿದು ವಾರ ಕಳೆದ ಮೇಲೆ. ಅಷ್ಟಕ್ಕೆ ಏನು ಮಹಾ. ಗಡಿಯಾರ ಸ್ವಲ್ಪ ಮುಂದೆ ಓಡಿತು ಎಂದುಕೊಂಡರಾಯಿತು.

ಜೂನ್ 27, ಶುಕ್ರವಾರ

ರೂಡಿ ಆರ್ಚುಲೆಟಾ ಫೋನ್ ಮಾಡಿದ್ದ. ವಾಲ್ಸನ್‌ಬರ್ಗ್‌ನವನು, ಹಸಿರು ಹಳದಿ ಪಟ್ಟೆಯ ಬಲೂನು ಅವನದು. ಹತ್ತೊಂಬತ್ತು ವರ್ಷದಿಂದ ಅವನು ಮೇಲೆ ಹಾರುತ್ತಾನೆ, ಇಳಿದ ಕಡೆಯಿಂದ ಅವನನ್ನೂ ಬಲೂನನ್ನೂ ತುಂಬಿಕೊಂಡು ಬರಲು ನಾನು ಅವನ ಪಿಕಪ್ಪಿನಲ್ಲಿ ಕೆಳಗೆ ಬೆನ್ನು ಹತ್ತುತ್ತೇನೆ. ಅವನ ಹೆಂಡತಿ ಸೀಲಿಯಾ ನನ್ನ ಪಕ್ಕ ಕೂತು ಕತ್ತೆತ್ತಿ ಬಲೂನು ನೋಡುತ್ತಾ "ಎಡಕ್ಕೆ, ಬಲಕ್ಕೆ" ಅನ್ನುತ್ತಾಳೆ. ನನ್ನ ಕಣ್ಣು ರಸ್ತೆ ಬಿಟ್ಟು ಕದಲುವುದಿಲ್ಲ. ಅದಕ್ಕೇ ನಾವು ಒಂದು ಸಲವೂ ಬಲೂನು ಕಳೆದುಕೊಂಡಿಲ್ಲ.

"ಕಂಪಾದ್ರೆ, ಈ ಸಲಾನೂ ಮೊದಲ್ನೇ ಗಾಡಿ ನಿಂದೇ ತಾನೆ?" ಎಂದ. ಕಂಪಾದ್ರೆ ಅಂದರೆ ಅವನ ಸ್ಪ್ಯಾನಿಷ್‌ನಲ್ಲಿ ಗೆಳೆಯ.

"ಇನ್ಯಾರದು? ಪೋಪ್‌ದಾ?" ಎಂದೆ.

ಅಲ್ಲಿಯ ಕಾಯಿದೆ ಹಾಗೆ. ಅಕ್ಕಪಕ್ಕ ನಿಲ್ಲಬೇಕೆನ್ನುವ ಗಾಡಿಗಳು ಗೇಟಿಗೆ ಒಟ್ಟಿಗೇ ಬರಬೇಕು, ಒಂದರ ಬಾಲ ಹಿಡಿದು ಇನ್ನೊಂದು. ಹಿಂದೆ ಬಿದ್ದವನನ್ನು ಯಾವುದೋ ಮೂಲೆಯಲ್ಲಿ ಅಪರಿಚಿತರ ನಡುವೆ ನಿಲ್ಲಿಸುತ್ತಾರೆ. ನಮ್ಮದು ಮೂರು ಗಾಡಿಯ ಸಾಲು. ನಾನು, ರೂಡಿ, ಕೊನೆಗೆ ಪ್ವೆಬ್ಲೊದ ಡ್ವೇನ್. ಗಾಡಿ ನಿಲ್ಲಿಸಿದ ಮೇಲೆ ಕುರ್ಚಿ ಹಾಕಿಕೊಂಡು ಕೂರುತ್ತೇವೆ. ಹೊಸಬರು ಗಾಡಿ ಹಿಂದಕ್ಕೆ ಹಾಕಿ ನಿಲ್ಲಿಸುವುದನ್ನು ನೋಡಿ ಕಾಗದದ ತಟ್ಟೆಯ ಮೇಲೆ ಹತ್ತಕ್ಕೆ ಇಷ್ಟು ಎಂದು ಅಂಕಿ ಬರೆದು ಎತ್ತಿ ಹಿಡಿಯುತ್ತೇವೆ. ನಾನು ಮುಖ್ಯ ತೀರ್ಪುಗಾರ. ಹೋದ ವರ್ಷ ಕನ್ಸಾಸ್‌ನ ಒಬ್ಬ ಮಹಾಶಯ ತಾನು ಪಕ್ಕದಲ್ಲಿ ಕೂತು ಹೆಂಡತಿಯ ಕೈಯಲ್ಲಿ ಗಾಡಿ ಕೊಟ್ಟಿದ್ದ. ಅವನಿಗೆ ನಾನು ಸೊನ್ನೆ ಕೊಟ್ಟೆ. ಅವಳಿಗಲ್ಲ, ಅವನಿಗೆ. ಡ್ವೇನ್ ನಕ್ಕು ನಕ್ಕು ಬಿಯರ್ ಚೆಲ್ಲಿಕೊಂಡ.

ಫೋನ್ ಇಟ್ಟಾಗ ಅಡುಗೆಮನೆಯಲ್ಲಿ ನನ್ನ ಹೆಂಡತಿ ನಡೀನ್ ಪಾತ್ರೆಯ ಮುಚ್ಚಳ ಬೀಳಿಸಿದಳು. ಬೀಳಿಸಿದಳೋ, ಎಸೆದಳೋ.

ಜುಲೈ 8, ಮಂಗಳವಾರ

ಕೂತಲ್ಲಿ ಕೂರಲಾಗುತ್ತಿಲ್ಲ. ಆರು ಟೈರುಗಳ ಗಾಳಿ ಎರಡು ಸಲ ನೋಡಿದೆ. ಪಾಯಿಖಾನೆ ಟ್ಯಾಂಕಿನ ಕೊಳವೆ ತೊಳೆದೆ. ಗಾಡಿ ಮಟ್ಟಸವಾಗಿ ನಿಲ್ಲಲು ಚಕ್ರದ ಕೆಳಗಿಡುವ ಹಲಗೆಗಳಿಗೆ ಬಣ್ಣ ಬಳಿದೆ. ಮಧ್ಯಾಹ್ನದ ಹೊತ್ತಿಗೆ ಮಾಡಲು ಏನೂ ಉಳಿಯಲಿಲ್ಲ. ಬಣ್ಣ ಒಣಗುವುದನ್ನು ನೋಡುತ್ತಾ ನಿಂತೆ.

ನಡೀನ್ ಬೆಳಗ್ಗೆ ಮತ್ತೆ ಬ್ರೆಡ್ ಸುಟ್ಟಿದ್ದಳು. ಹೇಳಿದ್ದಕ್ಕೆ ನನ್ನನ್ನೇ ದಿಟ್ಟಿಸಿ ನೋಡಿದಳು.

"ಇವತ್ತು ಬ್ರೆಡ್ ಎಲ್ಲಿ ತಿಂದ್ವಿ ಮರ್ಲ್? ಮೊಟ್ಟೆ ತಾನೆ ಮಾಡಿದ್ದು."

ಹಾಗಿದ್ದರೆ ಪಕ್ಕದ ಮನೆಯವರದ್ದಿರಬೇಕು. ಪಕ್ಕದ ಮನೆ ಅರ್ಧ ಮೈಲಿ ದೂರ ನಿಜ, ಆದರೆ ಈ ಬಯಲಲ್ಲಿ ಗಾಳಿಗೆ ಯಾರು ಬೇಲಿ ಹಾಕಿದ್ದಾರೆ?

ಜುಲೈ 19, ಶನಿವಾರ

ನಡೀನ್ ಚರ್ಚಿನ ಹಳೇ ಸಾಮಾನಿನ ಮಾರಾಟಕ್ಕೆ ಹೋಗಿದ್ದಳು. ನಿಂತಲ್ಲೇ ನಿಂತರೆ ಎಂಜಿನ್ ಹಾಳಾಗುತ್ತದೆ. ಬ್ಯಾಟರಿಗೆ ಜೀವ ಬರಲೆಂದು ಗಾಡಿ ಹೊರಗೆ ತೆಗೆದೆ. ನಮ್ಮ ಮಣ್ಣುರಸ್ತೆಯ ಕೊನೆತನಕ ಹೋಗಿ ವಾಪಸು, ಅಷ್ಟೇ.

ಆಹಾ! ಸ್ಟಿಯರಿಂಗ್ ಅಂಗೈಗೆ ಸಿಕ್ಕಿದ ಕೂಡಲೇ ಈಸ್ಟರ್‌ನಿಂದ ಈಚೆಗೆ ಮೊದಲ ಸಲ ನಾನು ನಾನಾದೆ. ಗೇರು ಬೆಣ್ಣೆಯಂತೆ ಬಿತ್ತು. ಹಾಡು ಕೂಡ ಹೇಳಿದೆ. ಅಕ್ಟೋಬರ್ ತನಕ ಕಾಯುವ ಅಗತ್ಯವೇ ಇಲ್ಲ, ನಾಳೆಯೇ ಹೊರಡಬಹುದು ಅನ್ನಿಸಿತು.

ತಿರುವಿನ ಹತ್ತಿರ ಯಾರೋ ಬ್ರೆಡ್ ಸುಡುತ್ತಿದ್ದರು. ಗೋಧಿ ಹೊಲದ ನಡುವೆ.

ಆಮೇಲೆ ಬಿಸಿಲು ಕಣ್ಣಿಗೆ ಹೊಡೆಯಿತು. ಗಾಡಿ ನಿಂತಾಗ ಪಕ್ಕದ ಮನೆಯ ಅರ್ಲೀನ್ ವಾಸ್‌ಳ ಗೇಟಿನ ಅಂಚೆ ಡಬ್ಬ ಕಂಬದ ಸಮೇತ ನೆಲದ ಮೇಲಿತ್ತು. ಮೊದಲೇ ಬಿದ್ದಿದ್ದಿರಬೇಕು. ಗಾಳಿಯೂ ಜೋರಾಗಿತ್ತು.

ಗಾಡಿ ತಂದು ಹಿತ್ತಲಲ್ಲಿ ಮೊದಲಿದ್ದಂತೆಯೇ ನಿಲ್ಲಿಸಿದೆ. ನಾಲಿಗೆ ಕಚ್ಚಿಕೊಂಡಿದ್ದೇನೆ, ತಿಂಡಿ ತಿನ್ನುವಾಗ ಇರಬೇಕು. ಉಪ್ಪು ತಾಗಿದರೆ ಉರಿ.

ಜುಲೈ 20, ಭಾನುವಾರ

ಅರ್ಲೀನ್ ಬಂದಿದ್ದಳು. ಮೂವತ್ತು ವರ್ಷ ಶಾಲೆಯ ಬಸ್ಸು ಓಡಿಸಿ ನಿವೃತ್ತಳಾದವಳು. ಈಗಲೂ ಎಲ್ಲರ ಹತ್ತಿರ ಹಿಂದಿನ ಸೀಟಿನ ತುಂಟರ ಹತ್ತಿರ ಮಾತಾಡಿದ ಹಾಗೇ ಮಾತಾಡುತ್ತಾಳೆ.

"ನನ್ ಅಂಚೆ ಡಬ್ಬ ಮಲಗ್ಬಿಟ್ಟಿದೆ ಮರ್ಲ್."

"ಗಾಳಿ."

"ನಾಲ್ಕಡಿ ಹೂತಿದ್ದ ಕಂಬ ಕಣೋ ಅದು."

"ಜೋರು ಗಾಳಿ."

ಅವಳು ನಡೀನ್ ಕಡೆ ನೋಡಿದಳು. ನಡೀನ್ ನನ್ನ ಕಾಫಿಗೆ ತಣ್ಣೀರು ಬೆರೆಸಿ ಮುಂದಿಟ್ಟಳು. "ಬಿಸಿ ಕುಡೀಬೇಡ, ನಾಲ್ಗೆ ನೋವಾಗತ್ತೆ" ಎಂದಳು. ನಾಲಿಗೆಯ ವಿಷಯ ನಾನು ಅವಳಿಗೆ ಹೇಳಿರಲಿಲ್ಲ.

ಸಂಜೆ ನೋಡಿದರೆ ಮನೆಗಾಡಿಯ ಕೀಲಿ ಮೊಳೆಯ ಮೇಲಿಲ್ಲ.

ಜುಲೈ 24, ಗುರುವಾರ

ಕೀಲಿ ಇಲ್ಲ. ಹಿಟ್ಟಿನ ಡಬ್ಬ, ಹೊಲಿಗೆ ಬುಟ್ಟಿ, ಅವಳ ಚರ್ಚಿನ ಕೋಟಿನ ಜೇಬು, ಎಲ್ಲ ನೋಡಿದೆ. ಕೇಳಲು ಮನಸ್ಸಿಲ್ಲ. ಕೇಳಿದರೆ ಯಾಕೆ ಬೇಕು ಎನ್ನುತ್ತಾಳೆ.

ಆಗಸ್ಟ್ 6, ಬುಧವಾರ

ನಡೀನ್‌ಗೆ ಇದ್ದಕ್ಕಿದ್ದಂತೆ ಹಾಡುವ ಹುಚ್ಚು ಹಿಡಿದಿದೆ. ವಾರಕ್ಕೆ ಎರಡು ದಿನ ಚರ್ಚಿನ ಗಾಯನ ಅಭ್ಯಾಸವಂತೆ, ನನ್ನನ್ನು ಅವಳ ಅಕ್ಕನ ಮನೆಯಲ್ಲಿ ಇಳಿಸಿ ಹೋಗುತ್ತಾಳೆ. ಅವಳ ಭಾವನ ಜೊತೆ ಕೂತು ಬೇಸ್‌ಬಾಲ್ ನೋಡುವ ಶಿಕ್ಷೆ ನನಗೆ. ನಲವತ್ತಮೂರು ವರ್ಷದ ಸಂಸಾರದಲ್ಲಿ ಅವಳು ಸ್ನಾನದ ಕೋಣೆಯಲ್ಲೂ ಹಾಡಿದವಳಲ್ಲ.

ಇನ್ನೊಂದು ಸಂಗತಿ. ಮನೆಗಾಡಿಯ ಮುಂದಿನ ಚಕ್ರ ಎಡಕ್ಕೆ ತಿರುಗಿದೆ. ನಾನು ಯಾವತ್ತೂ ನೇರವಾಗಿ ನಿಲ್ಲಿಸುತ್ತೇನೆ.

ಆಗಸ್ಟ್ 23, ಶನಿವಾರ

ಗಾಯನ ಅಭ್ಯಾಸ ನೋಡಿ ಬಂದೆ!

ಅವಳ ಅಕ್ಕನ ಮನೆಯಿಂದ ಜಾತ್ರೆ ಮೈದಾನ ಹತ್ತಿರ. ಸಿಗರೇಟು ತರುತ್ತೇನೆಂದು ಎದ್ದವನು ಕಾಲು ಎಳೆದತ್ತ ನಡೆದೆ. ನಾನು ಸಿಗರೇಟು ಬಿಟ್ಟು ಎಷ್ಟೋ ವರ್ಷವಾಯಿತೆಂಬುದು ಆ ಭಾವನಿಗೆ ಹೊಳೆಯಲೇ ಇಲ್ಲ. ಮೈದಾನದ ನಡುವೆ ನನ್ನ ಗಾಡಿ. ನನ್ನ ಗಾಡಿ! ಹಿಂದಕ್ಕೆ ಬರುತ್ತಿದೆ, ಎಣ್ಣೆ ಪೀಪಾಯಿಗಳ ನಡುವೆ. ಅರ್ಲೀನ್ ತೋಳೆತ್ತಿ ಕೂಗುತ್ತಿದ್ದಾಳೆ. "ಕನ್ನಡೀಲಿ ನಾನ್ ಕಾಣ್ಸಿಲ್ಲ ಅಂದ್ರೆ ನಿಲ್ಸು ಅಂತ ಎಷ್ಟ್ ಸಲ ಹೇಳ್ಬೇಕೇ! ಮತ್ತೆ ಮುಂದಕ್ಕೆ ಹೋಗು!"

ಒಂದು ಪೀಪಾಯಿ ಉರುಳಿತು. ನಾನು ಗಾಡಿಯತ್ತ ಓಡಿದೆ.

ಬಾಗಿಲು ತೆರೆದು "ಇಳಿ ಕೆಳಗೆ" ಎಂದೆ. ನಡೀನ್ ಇಳಿಯಲಿಲ್ಲ. ಎತ್ತರದ ಸೀಟಿನಿಂದಲೇ ನನ್ನನ್ನು ನೋಡಿದಳು.

"ಅಕ್ಟೋಬರಲ್ಲಿ ನಿಂಗೆ ಆಲ್ಬುಕರ್ಕಿಗೆ ಹೋಗ್ಬೇಕೋ ಬೇಡ್ವೋ?"

"ನಾನು ಓಡಿಸ್ತೀನಿ. ಒಂದೆರಡು ವಾರ ಹೆಚ್ಚು ಕಮ್ಮಿ..."

"ಯಾವಾಗಿಂದ ಲೆಕ್ಕ ಮರ್ಲ್? ಈಸ್ಟರಿಂದ್ಲೋ?"

ಅರ್ಲೀನ್ ಉರುಳಿದ ಪೀಪಾಯಿಯನ್ನು ಬೇಕೆಂದೇ ನಿಧಾನವಾಗಿ ಎತ್ತುತ್ತಿದ್ದಳು.

"ಈಸ್ಟರಿಂದ್ಲೇ" ಎಂದೆ.

"ಬಿದ್ರೂ ಮೀಸೆ ಮಣ್ಣಾಗ್ಲಿಲ್ಲ ಅಂತೀಯಲ್ಲ, ಆಗ್ಲಿ" ಎಂದು ಬಾಗಿಲು ಹಾಕಿಕೊಂಡಳು. ಮತ್ತೆ ಹಿಂದಕ್ಕೆ ತೆಗೆದಳು. ಈ ಸಲ ಪೀಪಾಯಿ ಬೀಳಲಿಲ್ಲ.

ಆಗಸ್ಟ್ 26, ಮಂಗಳವಾರ

ಮಾತು ಬಿಟ್ಟಿದ್ದೇನೆ. ಅವಳಿಗೆ ಅದರಿಂದ ಏನೂ ತೊಂದರೆಯಾದಂತೆ ಕಾಣುವುದಿಲ್ಲ.

ಸೆಪ್ಟೆಂಬರ್ 5, ಶುಕ್ರವಾರ

ಕಣ್ಣೆದುರಿಗೆ ತಪ್ಪು ನಡೆದರೆ ಎಷ್ಟು ಹೊತ್ತು ಬಾಯಿ ಮುಚ್ಚಿಕೊಂಡಿರಲು ಸಾಧ್ಯ? ಅವಳು ತಿರುವನ್ನು ಬೇಗ ತೆಗೆದುಕೊಳ್ಳುತ್ತಾಳೆ. ಶಾಲೆಯ ಬಸ್ಸಿನ ಪಾಠ ಅದು. ಈ ಗಾಡಿಯ ಬಾಲ ಹಿಂದಿನ ಚಕ್ರದಾಚೆಗೆ ಬಹಳ ಉದ್ದ. ಮೂತಿ ಎಡಕ್ಕೆ ಹೋದರೆ ಬಾಲ ಬಲಕ್ಕೆ ಬೀಸುತ್ತದೆ. ಅರ್ಲೀನ್‌ಗೆ ಇದು ಹೇಗೆ ಗೊತ್ತಾಗಬೇಕು. ಇವತ್ತು ನಾನೇ ಪಕ್ಕದ ಸೀಟಿನಲ್ಲಿ ಕೂತೆ. ಕೂತೆ ಅಷ್ಟೇ, ಒಪ್ಪಿಕೊಂಡೆ ಅಂತಲ್ಲ.

"ಇನ್ನೂ ಮುಂದೆ. ಇನ್ನೂ. ನಿನ್ ಭುಜ ಆ ಕಂಬದ ಸಮಕ್ಕೆ ಬರ್ಲಿ. ಈಗ ತಿರುಗ್ಸು."

ತಿರುಗಿಸಿದಳು. ಬಾಲ ಬೇಲಿಗೆ ತಾಗಲಿಲ್ಲ.

"ಅರ್ಲೀನ್ ಇದನ್ನ ಹೇಳಿರ್ಲಿಲ್ಲ" ಎಂದಳು.

"ಅರ್ಲೀನ್ ಓಡ್ಸಿದ್ದು ಮಕ್ಕಳ ಡಬ್ಬಿ."

ಇಳಿಜಾರಲ್ಲಿ ಬ್ರೇಕು ತುಳಿದುಕೊಂಡೇ ಇರಬಾರದು, ಸುಟ್ಟು ಹೋಗುತ್ತದೆ, ಗೇರು ಇಳಿಸಬೇಕು, ಎಂಜಿನ್ ಕಿರುಚಿದರೆ ಕಿರುಚಲಿ ಎಂದು ಹೇಳಿಕೊಟ್ಟೆ. ಕಿರುಚಿದಾಗ ಅವಳೂ ಕಿರುಚಿದಳು. ಇಬ್ಬರಿಗೂ ನಗು ಬಂತು. ಊರಿನಾಚೆ ಹೆದ್ದಾರಿಯ ತನಕ ಹೋಗಿ ಬಂದೆವು. ನಾಳೆ ಮತ್ತೆ ಹೋಗಬೇಕು, ಅವಳಿಗೆ ಎಡಗಡೆಯ ಕನ್ನಡಿ ಸರಿಯಾಗಿ ಕೂರಿಸಿಕೊಡಬೇಕು. ನನ್ನ ಎತ್ತರಕ್ಕೆ ಇದೆ ಅದು.

ಸೆಪ್ಟೆಂಬರ್ 13, ಶನಿವಾರ

ಲಮಾರ್ ಪೇಟೆಯಲ್ಲಿ ಗಾಡಿಗೆ ಪೆಟ್ರೋಲ್ ಹಾಕಿಸುವಾಗ ಸುಟ್ಟ ವಾಸನೆ ಬಂತು. ಯಾಕೆ ಕೇಳಿದೆನೋ ಗೊತ್ತಿಲ್ಲ.

"ನಡೀನ್, ನಿಂಗೇನಾದ್ರೂ ವಾಸನೆ ಬರ್ತಿದ್ಯಾ?"

ಅವಳು ಪೈಪನ್ನು ಹಾಗೇ ಹಿಡಿದು ಗಾಳಿ ಮೂಸಿದಳು. "ಅಂಗಡಿ ಮುಂದೆ ಹಸಿಮೆಣಸಿನಕಾಯಿ ಹುರೀತಿದಾರೆ ಕಣೋ. ಅಲ್ನೋಡು ಪೀಪಾಯಿ ತಿರುಗ್ಸ್ತಿರೋದು."

ನಿಜ. ಒಂದು ಮೂಟೆ ಕೊಂಡೆವು, ಹಬ್ಬಕ್ಕಾಯಿತು. ಹಬ್ಬದಲ್ಲಿ ಅವಳ ಹಂದಿಮಾಂಸ ಮೆಣಸಿನಕಾಯಿ ಸಾರಿಗೆ ಡ್ವೇನ್ ಜೊಲ್ಲು ಸುರಿಸುತ್ತಾನೆ.

ಸೆಪ್ಟೆಂಬರ್ 21, ಭಾನುವಾರ

ನಿದ್ದೆ ಇಲ್ಲ. ಗಾಡಿ ತಯಾರು, ಅವಳೂ ಹೆಚ್ಚುಕಡಿಮೆ ತಯಾರು. ಆದರೆ ಆ ಕಾಗದದ ತಟ್ಟೆಗಳು! ರೂಡಿ, ಡ್ವೇನ್ ಇಬ್ಬರಿಗೂ ಈಸ್ಟರ್ ವಿಷಯ ಗೊತ್ತಿಲ್ಲ. ಗೇಟಿನಲ್ಲಿ ಅವಳು ಸ್ಟಿಯರಿಂಗ್ ಹಿಂದೆ, ನಾನು ಪಕ್ಕದಲ್ಲಿ ತೊಡೆಯ ಮೇಲೆ ಕೈಯಿಟ್ಟುಕೊಂಡು, ಕನ್ಸಾಸ್‌ನವನ ಹಾಗೆ. ಪಿಕಪ್ ಓಡಿಸುವುದು ಯಾರು ಎಂದು ರೂಡಿ ಕೇಳುತ್ತಾನೆ. ಬೇರೆ ಯಾರನ್ನೋ ಹುಡುಕಿಕೊಳ್ಳುತ್ತಾನೆ. ಆಮೇಲೆ ನಾನು ಅಲ್ಲಿಗೆ ಯಾತಕ್ಕೆ ಹೋಗುವುದು? ಪ್ರೇಕ್ಷಕನಾಗಿಯೇ?

ಒಂದು ಉಪಾಯ ಹೊಳೆದಿದೆ. ಮನೆಗಾಡಿಯ ಹಿಂದಿನಿಂದ ಯಾರು ಓಡಿಸುತ್ತಿದ್ದಾರೆಂದು ಕಾಣುವುದಿಲ್ಲ. ಪ್ರತಿವರ್ಷ ಮೂರು ಗಾಡಿಯೂ ಸೇರುವ ಟ್ರಿನಿಡಾಡ್ ಊರಿನಲ್ಲಿ ಕಾಫಿಗೆ ಇಳಿಯುವುದು ಬೇಡ, ನಾವು ಮುಂದೆ ಹೊರಟಿರುತ್ತೇವೆ, ಅವರು ಬಂದು ಬಾಲ ಹಿಡಿಯಲಿ. ವಾಕಿಟಾಕಿ ನನ್ನ ಕೈಯಲ್ಲಿರುತ್ತದೆ. ಆಲ್ಬುಕರ್ಕಿಗೆ ಸ್ವಲ್ಪ ಮುಂಚೆ ಪಕ್ಕಕ್ಕೆ ನಿಲ್ಲಿಸಿ ಸೀಟು ಬದಲಾಯಿಸಿಕೊಂಡರಾಯಿತು. ಕೊನೆಯ ತುಂಡು ರಸ್ತೆ, ಅಷ್ಟೇ.

ನಡೀನ್‌ಗೆ ಹೇಳಿದೆ. "ನೋಡೋಣ" ಎಂದಳು. ನಡೀನ್‌ಳ "ನೋಡೋಣ" ನಲವತ್ತಮೂರು ವರ್ಷದಲ್ಲಿ ಒಂದು ಸಲವೂ "ಹೂಂ" ಆದದ್ದಿಲ್ಲ.

ಸೆಪ್ಟೆಂಬರ್ 28, ಭಾನುವಾರ

ಅರ್ಲೀನ್ ಚರ್ಚಿಗೆ ಹೋದಾಗ ಅವಳ ಗೇಟಿನ ಬಳಿ ಹೊಸ ಕಂಬ ಹೂತು ಡಬ್ಬ ಕೂರಿಸಿ ಬಂದೆ. ಹಳೆಯದಕ್ಕೆ ಕಲ್ಲು ಕಟ್ಟಿ ನಿಲ್ಲಿಸಿದ್ದಳು, ನೋಡಲಾಗುತ್ತಿರಲಿಲ್ಲ. ವಾಸನೆ ಇಲ್ಲ. ಮಾತ್ರೆ ಎರಡೂ ಆಯಿತು.

ಅಕ್ಟೋಬರ್ 2, ಗುರುವಾರ. ಆಲ್ಬುಕರ್ಕಿ

ಎಲ್ಲವನ್ನೂ ಬರೆಯದೆ ಮಲಗುವುದಿಲ್ಲ.

ಬೆಳಗ್ಗೆ ಮಾತ್ರೆ ಆಯಿತು, ವಾಸನೆ ಇಲ್ಲ. ಕತ್ತಲಿರುವಾಗಲೇ ಹೊರಟೆವು. ಟ್ರಿನಿಡಾಡ್ ದಾಟುವಾಗ ವಾಕಿಟಾಕಿ ಗರಗರ ಎಂದಿತು. "ಕಂಪಾದ್ರೆ! ನಿನ್ ಅಂಡು ಕಾಣ್ತಿದೆ! ಕಾಫಿಗೂ ನಿಲ್ಲದೆ ಓಡ್ತಿದೀಯಲ್ಲ, ಪೊಲೀಸು ಬೆನ್ನತ್ತಿದಾರಾ?" ರೂಡಿ. ಹೊಟ್ಟೆ ಸರಿಯಿಲ್ಲ ಎಂದೆ. ಅವನ ಹಿಂದೆ ಡ್ವೇನ್. ಸಾಲು ಕೂಡಿತು.

ರಟೋನ್ ಘಾಟಿ. ಏರಿನಲ್ಲಿ ಲಾರಿಗಳ ಜೊತೆ ತೆವಳಿದೆವು. ಇಳಿಜಾರು ಶುರುವಾದಾಗ ನನ್ನ ಬಲಗಾಲು ತಾನಾಗಿ ನೆಲ ಒತ್ತಿತು, ಅಲ್ಲಿ ಬ್ರೇಕಿಲ್ಲ. "ತುಳಿ! ತುಳಿ!" ಎಂದು ಕೂಗಿದೆ. ನಡೀನ್ ತುಳಿಯಲಿಲ್ಲ, ಗೇರು ಇಳಿಸಿದಳು. ಎಂಜಿನ್ ಕಿರುಚಿತು. ಅವಳು ಕಿರುಚಲಿಲ್ಲ. "ತುಳಿದ್ರೆ ಸುಟ್ಟೋಗತ್ತೆ ಅಂತ ಹೇಳ್ಕೊಟ್ಟಿದ್ದು ಯಾರು?" ಎಂದಳು, ಕಣ್ಣು ರಸ್ತೆಯ ಮೇಲೇ ಇತ್ತು. ತಿರುವಿನ ಮೇಲೆ ತಿರುವು, ಒಂದೇ ವೇಗ.

ಕೆಳಗಿಳಿದ ಮೇಲೆ ಡ್ವೇನ್‌ನ ಧ್ವನಿ ಬಂತು. "ಏನ್ ಮರ್ಲ್, ಇವತ್ತು ಭಾರೀ ನಯವಾಗಿ ಇಳಿಸ್ದೆ! ಪ್ರತಿ ವರ್ಷಾನೂ ಎಮ್ಮೆ ಹೊಡ್ಕೊಂಡ್ ಬಂದ ಹಾಗೆ ಬರ್ತಿದ್ದೆ. ವಯಸ್ಸಾದ್ಮೇಲೆ ಬುದ್ಧಿ ಬಂತಾ?"

ಗುಂಡಿ ಒತ್ತಿ "ಥ್ಯಾಂಕ್ಸ್" ಎಂದೆ. ನಡೀನ್ ಕತ್ತಿನ ತನಕ ಕೆಂಪಾಗಿದ್ದಳು. ಅವಳದನ್ನು ನಾನು ಕದ್ದೆ ಎಂದು ಆಗ ಅನ್ನಿಸಲಿಲ್ಲ. ಆಮೇಲೆ ಅನ್ನಿಸಿತು. ಅಲ್ಲಿಂದ ಮುಂದೆ ಬಹಳ ದೂರ ಅದೇ ಅನ್ನಿಸುತ್ತಿತ್ತು.

ಸಾಂಟಾ ಫೆ ದಾಟಿ ಲಾ ಬಹಾಡಾ ಗುಡ್ಡ ಇಳಿದ ಮೇಲೆ ರಸ್ತೆಬದಿಯಲ್ಲಿ ಜಾಗ ತೋರಿಸಿದೆ. ರೂಡಿ, ಡ್ವೇನ್ ಪೆಟ್ರೋಲಿಗೆ ನಿಂತಿದ್ದರು. ಅವರು ಬರುವಷ್ಟರಲ್ಲಿ ಬದಲಾಯಿಸಿಕೊಳ್ಳಬೇಕು. ನಡೀನ್ ನಿಲ್ಲಿಸಿದಳು, ಎಂಜಿನ್ ಆರಿಸಿದಳು, ಕೀಲಿ ನನ್ನ ಅಂಗೈಯಲ್ಲಿಟ್ಟಳು. ಆಮೇಲೆ ಕೈಚೀಲ ತಗೊಂಡು ಕೆಳಗಿಳಿದಳು.

"ಎಲ್ಲಿಗೆ?"

"ನಾನು ನಡ್ಕೊಂಡ್ ಬರ್ತೀನಿ."

"ಹುಚ್ಚಾ ನಿಂಗೆ? ಇನ್ನೂ ಎಷ್ಟು ದೂರ ಇದೆ!"

"ಅರ್ಲೀನ್ ಡಬ್ಬದ ಹತ್ರ ಆಗಿದ್ದು ಈ ರಸ್ತೇಲಿ ಆದ್ರೆ ನಾನದನ್ನ ಪಕ್ಕದಲ್ಲಿ ಕೂತ್ಕೊಂಡು ನೋಡಲ್ಲ ಮರ್ಲ್. ಕಿತ್ಕೊಳಕ್ಕೂ ಹೋಗಲ್ಲ. ದೊಡ್ಡೋನು ನೀನು. ಓಡಿಸ್ಕೊಂಡ್ ಹೋಗು."

ಬಾಗಿಲು ಮೆತ್ತಗೆ ಹಾಕಿದಳು. ಜೋರಾಗಿ ಹಾಕಿದ್ದರೆ ನನಗೆ ಸಿಟ್ಟಾದರೂ ಬರುತ್ತಿತ್ತು.

ಸ್ಟಿಯರಿಂಗ್ ಹಿಂದೆ ಕೂತೆ. ಸೀಟು ಅವಳ ಅಳತೆಗೆ ಮುಂದಿತ್ತು, ನನ್ನ ಮೊಣಕಾಲು ತಾಗಿತು. ಸುಟ್ಟ ವಾಸನೆ ಇರಲಿಲ್ಲ. ಸುಳ್ಳು ಬರೆಯುತ್ತಿಲ್ಲ, ನಿಜವಾಗಿ ಇರಲಿಲ್ಲ. ಹಾದುಹೋಗುವ ಲಾರಿಗಳ ಡೀಸೆಲ್, ಒಣಹುಲ್ಲು, ಅವಳ ಕೈಗೆ ಹಚ್ಚುವ ಕ್ರೀಮು. ನಾನು ಓಡಿಸಬಹುದಿತ್ತು. ಬಹುಶಃ ಏನೂ ಆಗುತ್ತಿರಲಿಲ್ಲ. ಕನ್ನಡಿಯಲ್ಲಿ ನೋಡಿದರೆ ನನಗೆ ಕಂಡದ್ದು ಬರೀ ರಸ್ತೆಯಂಚಿನ ಕಲ್ಲು, ಯಾಕೆಂದರೆ ಕನ್ನಡಿಯನ್ನು ಅವಳ ಎತ್ತರಕ್ಕೆ ನಾನೇ ಕೂರಿಸಿಕೊಟ್ಟಿದ್ದೆ. ಮುಂದಿನ ಗಾಜಿನಾಚೆ ನೋಡಿದೆ. ನಡೀನ್ ಚರ್ಚಿನ ಬೂಟು ಹಾಕಿಕೊಂಡು ಲಾರಿಗಳ ಗಾಳಿಗೆ ಕೂದಲು ಹಿಡಿದುಕೊಂಡು ನಡೆಯುತ್ತಲೇ ಇದ್ದಳು.

"ಎಲ್ಲಿದೀಯ ಕಂಪಾದ್ರೆ? ನಾವ್ ಬಂದ್ವಿ." ವಾಕಿಟಾಕಿ.

ಗುಂಡಿ ಒತ್ತಿದೆ. "ರಸ್ತೆ ಪಕ್ಕ ಇದೀವಿ. ಡ್ರೈವರ್ ಸ್ವಲ್ಪ ಕಾಲಾಡಿಸ್ತಿದಾಳೆ."

"ಯಾರ್ ಕಾಲಾಡಿಸ್ತಿದಾಳೆ?"

"ನಡೀನ್. ಬೆಳಗ್ಗಿಂದ ಅವಳೇ ಓಡಿಸ್ತಿರೋದು. ಘಾಟೀನೂ ಅವಳೇ ಇಳ್ಸಿದ್ದು. ಡ್ವೇನ್, ಆ ಥ್ಯಾಂಕ್ಸ್ ವಾಪಸ್ ತಗೋ, ಅದು ನಂದಲ್ಲ."

ಡ್ವೇನ್ ಕೇಳಿದ. "ನಿಂಗೇನಾಗಿದೆಯೋ?"

"ಕಣ್ಣು ಸರಿಯಿಲ್ಲ" ಎಂದೆ. ಅಷ್ಟು ಮಾತ್ರ ಬಾಯಿಗೆ ಬಂತು.

ಪಕ್ಕದ ಸೀಟಿಗೆ ಸರಿದು, ಬಾಗಿಲು ತೆರೆದು, "ನಡೀನ್! ಬಾರೇ, ಸಾಲು ಕಾಯ್ತಿದೆ!" ಎಂದು ಕೂಗಿದೆ. ಬಂದಳು. ಹತ್ತಿ ಕೂತು ಸೀಟು ಮುಟ್ಟಿ ನೋಡಿದಳು. ನಾನದನ್ನು ಹಿಂದಕ್ಕೆ ಸರಿಸಿರಲಿಲ್ಲ.

ಗೇಟಿನೊಳಗೆ ಮೊದಲ ಗಾಡಿ ನಮ್ಮದೇ. ಹಿಂದಕ್ಕೆ ಹಾಕುವಾಗ ನಾನು ಹಿಂದೆ ನಿಂತು ಕೈ ತೋರಿಸಿದೆ, ಕನ್ನಡಿಯಲ್ಲಿ ಕಾಣುವ ಕಡೆ ನಿಂತು. ಮೂರನೆಯ ಪ್ರಯತ್ನಕ್ಕೆ ಕೂತಿತು. ತಿರುಗಿ ನೋಡಿದರೆ ಡ್ವೇನ್ ಆಗಲೇ ಕುರ್ಚಿ ಬಿಡಿಸಿಕೊಂಡು ತಟ್ಟೆ ಎತ್ತಿದ್ದ. ಏಳು. ಸೀಲಿಯಾ ಎಂಟು. ರೂಡಿ ಪೆನ್ನು, ತಟ್ಟೆ ನನ್ನ ಕಡೆ ಚಾಚಿದ. "ಮುಖ್ಯ ತೀರ್ಪುಗಾರ್ರು ಏನಂತಾರೆ?"

"ಆರು" ಎಂದು ಬರೆದೆ. ಬಾಲ ಇನ್ನೂ ಸ್ವಲ್ಪ ಬೀಸುತ್ತದೆ.

"ಆರಾ! ಇವತ್ ರಾತ್ರಿ ಸಾರು ಯಾರಿಗ್ ಸಿಗತ್ತೆ ನೋಡೋಣ" ಎಂದಳು ನಡೀನ್.

ಅಕ್ಟೋಬರ್ 4, ಶನಿವಾರ

ನಸುಕಿನಲ್ಲಿ ಮೈ ಕೊರೆಯುವ ಚಳಿ. ಮೈದಾನದ ತುಂಬ ಬಲೂನುಗಳನ್ನು ಹಾಸಿದ್ದರು. ಫ್ಯಾನುಗಳ ಸದ್ದಿಗೆ ಮಾತು ಕೇಳಿಸುತ್ತಿರಲಿಲ್ಲ. ಸುಟ್ಟ ವಾಸನೆ ಬಂತು. ಕೂಡಲೇ ನಡೀನ್‌ಳ ತೋಳು ಹಿಡಿದು ಕೇಳಿದೆ. "ನಂಗೂ ಬರ್ತಿದೆ. ಇಡೀ ಮೈದಾನಕ್ಕೇ ಬರ್ತಿದೆ ಮಾರಾಯ, ಮೆಣಸಿನಕಾಯಿ" ಎಂದಳು. ಬರೆದಿಡುತ್ತಿದ್ದೇನೆ: ವಾಸನೆ ಇತ್ತು, ಎಲ್ಲರಿಗೂ.

ರೂಡಿ ಬಲೂನಿಗೆ ಕಟ್ಟಿದ ಬುಟ್ಟಿಯ ಹಗ್ಗ ಬಿಗಿಯುತ್ತಿದ್ದವನು ನನ್ನ ಭುಜ ಹಿಡಿದ.

"ಕಂಪಾದ್ರೆ, ಹತ್ತೊಂಬತ್ತು ವರ್ಷ ನೀನು ಒಂದ್ ಸಲಾನೂ ಮೇಲೆ ಬಂದಿಲ್ಲ. ಓಡ್ಸೋನ್ ನೀನು ಅಂತ ಕರೀಲೇ ಇಲ್ಲ ನಾನು. ಈಗ ಕಣ್ಣಿಲ್ದೆ ಓಡ್ಸಕ್ಕಾಗಲ್ಲ ತಾನೆ? ಬುಟ್ಟೀಲಿ ಜಾಗ ಇದೆ, ಹತ್ತು."

ನನ್ನ ಕಾಲು ಆಗಲೇ ಬುಟ್ಟಿಯ ಪಕ್ಕದ ತೂತಿನ ಮೇಲಿತ್ತು. ಎಷ್ಟು ಸಲ ಆ ತೂತಿಗೆ ಬೇರೆಯವರ ಕಾಲು ಹೊಂದಿಸಿಕೊಟ್ಟಿದ್ದೇನೆ. ನೆಲ ಬಿಟ್ಟು ಮೇಲೆ ಹೋದರೆ ಹೇಗಿರುತ್ತದೆ ಎಂದು ಪ್ರತಿವರ್ಷ ಅಂದುಕೊಂಡಿದ್ದೇನೆ, ಯಾರಿಗೂ ಹೇಳಿಲ್ಲ. ನಡೀನ್ ಪಿಕಪ್ ಹತ್ತಿರ ನಿಂತಿದ್ದಳು. ನನ್ನ ಕಾಲನ್ನೇ ನೋಡುತ್ತಿದ್ದಳು.

ಆ ಚಿಕ್ಕ ಬುಟ್ಟಿಯೊಳಗೆ ಉರಿಯುವ ಗ್ಯಾಸು, ರೂಡಿ, ನಾನು.

ಕಾಲು ಕೆಳಗಿಟ್ಟೆ. "ಕಣ್ಣಲ್ಲ ರೂಡಿ. ನಂಗೆ ಫಿಟ್ಸ್ ಬರತ್ತೆ. ಈಸ್ಟರಲ್ಲಿ ಬಂತು. ಜುಲೈನಲ್ಲಿ ಗಾಡಿ ಓಡಿಸ್ತಿರ್ವಾಗ ಬಂತು. ಬರೋ ಜನವರಿ ತನಕ ನಂಗೆ ಓಡ್ಸೋದು, ಹಾರೋದು ಯಾವ್ದೂ ಇಲ್ಲ."

ರೂಡಿ ಟೋಪಿ ತೆಗೆದು ತಲೆ ಕೆರೆದುಕೊಂಡ. "ಹಾಗಿದ್ರೆ ನಂಗೆ ಕೆಳಗೆ ಯಾರಪ್ಪಾ ಬೆನ್ನು ಹತ್ತೋದು?" ಎಂದ.

"ನಾನಿಲ್ವಾ?" ಎಂದಳು ನಡೀನ್. "ಸೀಲಿಯಾ ಮೇಲೆ ಹೋಗ್ಲಿ ನಿನ್ ಜೊತೆ. ಇವ್ನು ನೋಡಿ ದಾರಿ ಹೇಳ್ಲಿ. ಬಾಯಿಗೇನೂ ಆಗಿಲ್ಲ ಇವ್ನಿಗೆ."

ಬಲೂನಿನ ನೆತ್ತಿಗೆ ಕಟ್ಟಿದ ಉದ್ದ ಹಗ್ಗ ಹಿಡಿಯಲು ಡ್ವೇನ್ 'ಬಾ' ಎಂದ. ಅವನು ಮುಂದೆ, ನಾನು ಹಿಂದೆ. ಒಳಗೆ ಬೆಂಕಿ ಬಿಟ್ಟಾಗ ಬಲೂನು ಏಳಲು ನೋಡುತ್ತದೆ, ಒಮ್ಮೆಲೇ ಎದ್ದು ಹೊಯ್ದಾಡದ ಹಾಗೆ ನಾವು ಹಿಂದಕ್ಕೆ ಜಗ್ಗಬೇಕು. ಅದು ಎದ್ದಷ್ಟೂ ನಾವು ಒಂದೊಂದೇ ಹೆಜ್ಜೆ ಹತ್ತಿರ ಹೋಗಬೇಕು. "ಕನ್ಸಾಸ್‌ನೋನಿಗೆ ಸೊನ್ನೆ ಕೊಟ್ವಲ್ಲೋ, ಅವ್ನಿಗೂ ಏನಾಗಿತ್ತೋ ಏನೋ" ಎಂದ ಡ್ವೇನ್, ತಿರುಗಿ ನೋಡದೆ. ನಾನು ಹೂಂ ಎಂದೆ. ಹಾರಲು ಅಪ್ಪಣೆ ಕೊಡುವ ಪಟ್ಟೆ ಅಂಗಿಯವನು ಸೀಟಿ ಊದಿ ಹೆಬ್ಬೆರಳು ಎತ್ತಿದ. ಹಗ್ಗ ಬಿಟ್ಟೆವು.

ಓಡಿ ಪಿಕಪ್ ಹತ್ತಿದೆ. ಓಡಿಸುವವನ ಎಡಗಡೆಗಲ್ಲ, ಬಲಗಡೆಗೆ. ಈ ಸಲ ಕಾಲು ತಾನಾಗಿ ಅತ್ತ ಹೋಯಿತು. ನಡೀನ್ ಹೊರಡಿಸಿದಳು. ನಾನು ಕಿಟಕಿಯಿಂದ ತಲೆ ಹೊರಗೆ ಹಾಕಿ ಮೇಲೆ ನೋಡಿದೆ.

ಹತ್ತೊಂಬತ್ತು ವರ್ಷ ಆ ಬಲೂನಿನ ಬೆನ್ನು ಹತ್ತಿದ್ದೇನೆ. ಅದು ಹಾರುವುದನ್ನು ನಾನು ನೋಡಿರಲೇ ಇಲ್ಲ. ಓಡಿಸುವವನಿಗೆ ಕಾಣುವುದು ರಸ್ತೆ. ಹಸಿರು ಹಳದಿ ಪಟ್ಟೆ ನದಿಯ ಕಡೆ ಹೋಗುತ್ತಿತ್ತು, ಬಿಸಿಲು ಆಗಷ್ಟೇ ಅದರ ನೆತ್ತಿಗೆ ಬಿದ್ದಿತ್ತು, ಸುತ್ತ ಬೇರೆ ನೂರಾರು, ಒಂದಕ್ಕೂ ಸದ್ದಿಲ್ಲ. ಸೀಲಿಯಾ ಬುಟ್ಟಿಯಿಂದ ಕೈ ಬೀಸುತ್ತಿದ್ದಳು. ನನ್ನ ಕಣ್ಣಲ್ಲಿ ನೀರು ಬಂತು. ಬಂದರೆ ಬರಲಿ, ಕಣ್ಣು ಸರಿಯಿಲ್ಲ ಎಂದು ಮೊದಲೇ ಹೇಳಿದ್ದೆನಲ್ಲ.

"ಮರ್ಲ್! ಬಾಯ್ ಬಿಟ್ಕೊಂಡ್ ಕೂತ್ಕೋಬೇಡ! ಎಡಕ್ಕೋ ಬಲಕ್ಕೋ?"

"ಎಡಕ್ಕೆ" ಎಂದೆ.

ಬಲಕ್ಕೆ ಹೇಳಬೇಕಿತ್ತು. ನಡೀನ್ ಗೊಣಗುತ್ತಾ ಯಾರದೋ ಮನೆಯ ಮುಂದೆ ಪಿಕಪ್ ಹಿಂದಕ್ಕೆ ಹಾಕಿ ತಿರುಗಿಸಿದಳು, ಅಂಚೆ ಡಬ್ಬಕ್ಕೆ ತಾಗಿಸದೆ.